ಗಾಲಾಗೆ ಮುಂದಿನ ಸಾಲೇ ಬೇಕೆ?

ಫಿಗರ್ ಸ್ಕೇಟಿಂಗ್ ಸ್ಪರ್ಧೆ ಮುಗಿದ ಮೇಲೆ ಸ್ಕೇಟರ್‌ಗಳು ಅಂಕದ ಗೊಡವೆಯಿಲ್ಲದೆ ನೀಡುವ ಪ್ರದರ್ಶನವೇ ಗಾಲಾ. 'ಗೆಳೆಯರ ಜೊತೆ ಗಾಲಾಗೆ ಹೋಗುವುದಾದರೆ ಮೊದಲ ಸಾಲಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ' ಎಂಬ ಸಲಹೆ ಅರ್ಧ ಮಾತ್ರ ಸರಿ. ಬ್ಲೇಡು ಮಂಜುಗಡ್ಡೆ ಕೊರೆಯುವ ಸದ್ದು, ಸ್ಕೇಟರ್‌ಗಳ ವೇಗ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ನಿಜ. ಆದರೆ ರಿಂಕ್ (ಮಂಜುಗಡ್ಡೆಯ ಅಂಗಳ) ಸುಮಾರು 60 ಮೀಟರ್ ಉದ್ದ, 30 ಮೀಟರ್ ಅಗಲ. ಕೆಳಗೆ ಕೂತರೆ ಆಚೆ ತುದಿಯ ಕಾಲ್ಚಳಕ ಕಾಣಿಸುವುದಿಲ್ಲ, ಹತ್ತಿರದ ಕಟ್ಟೆಯೂ ಪಾದಗಳನ್ನು ಮರೆಮಾಡುತ್ತದೆ. ಉದ್ದದ ಬದಿಯಲ್ಲಿ, ನಡುಭಾಗಕ್ಕೆ ಎದುರಾಗಿ, ಹತ್ತು-ಹದಿನೈದು ಸಾಲು ಮೇಲೆ ಕೂತರೆ ಇಡೀ ವಿನ್ಯಾಸ ಕಾಣುತ್ತದೆ. ಸ್ಕೇಟರ್‌ಗಳು ಬರುವ ಪರದೆಯ ಪಕ್ಕದ ಸೀಟು ಮಾತ್ರ ಬೇಡ.

ಗಾಲಾದಲ್ಲಿ ಅತಿ ಕಷ್ಟದ ಜಿಗಿತಗಳು ಸಿಗುತ್ತವೆ ಎಂಬ ನಂಬಿಕೆಯಂತೂ ತಪ್ಪು. ಕತ್ತಲಲ್ಲಿ ಸ್ಪಾಟ್‌ಲೈಟ್ ಕಣ್ಣಿಗೆ ಹೊಡೆಯುವಾಗ ದೂರ, ದಿಕ್ಕು ಅಂದಾಜಿಸುವುದೇ ಕಷ್ಟ; ಅಂಕವೂ ಇಲ್ಲ. ಹಾಗಾಗಿ ನಾಲ್ಕು ಸುತ್ತಿನ ಜಿಗಿತಕ್ಕಿಂತ ಎರಡು-ಮೂರು ಸುತ್ತಿನವೇ ಹೆಚ್ಚು. (ಇದೇ ಕಾರಣಕ್ಕೆ ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ.) ಹಿಂದಕ್ಕೆ ಹಾಕುವ ಪಲ್ಟಿ ಸ್ಪರ್ಧೆಯಲ್ಲಿ ನಿಷಿದ್ಧವಾಗಿದ್ದ ದಶಕಗಳಲ್ಲಿ ಅದಕ್ಕೆ ಗಾಲಾವೇ ವೇದಿಕೆಯಾಗಿತ್ತು, 2024ರಲ್ಲಿ ಆ ನಿಷೇಧ ಹೋಯಿತು.

ಹೊಸಬ ಗೆಳೆಯನಿಗೆ ಲುಟ್ಜ್, ಫ್ಲಿಪ್ ಎಂಬ ಎರಡು ಜಿಗಿತಗಳ ವ್ಯತ್ಯಾಸ ತೋರಿಸಬೇಕೆಂದಿದ್ದರೆ ಸ್ಪರ್ಧೆಗೇ ಕರೆದೊಯ್ಯಿರಿ. ಜಿಗಿಯುವ ಮುನ್ನ ಬ್ಲೇಡು ಹೊರ ಅಂಚಿನಲ್ಲಿದೆಯೋ (ಲುಟ್ಜ್) ಒಳ ಅಂಚಿನಲ್ಲಿದೆಯೋ (ಫ್ಲಿಪ್) ಎಂಬುದು ಬಣ್ಣದ ಬೆಳಕಿನಲ್ಲಿ ತಿಳಿಯುವುದು ಕಷ್ಟ.