ಇನ್ನೊಂದೇ ಒಂದು ರೌಂಡು

ಭಾನುವಾರ ಬೆಳಿಗ್ಗೆ ತಿಂಡಿಗೆ ಅಂತ ಕಲಸಿದ ಅಕ್ಕಿರೊಟ್ಟಿ ಹಿಟ್ಟು ನಮ್ಮನೆಯಲ್ಲಿ ಸೋಮವಾರ ಸಂಜೆಯಾದರೂ ಮುಗಿದಿಲ್ಲ. ಭಾನುವಾರ ಮಧ್ಯಾಹ್ನ ರೊಟ್ಟಿ, ರಾತ್ರಿ ರೊಟ್ಟಿ, ಇವತ್ತು ಮಗಳ ಡಬ್ಬಿಗೂ ರೊಟ್ಟಿ. ಫ್ರಿಜ್ಜಿನಲ್ಲಿ ಇನ್ನೂ ಒಂದು ಉಂಡೆ ಕೂತಿದೆ. ಹಾಲು ತೆಗೆಯಲು ಬಾಗಿಲು ತೆರೆದರೆ ಮೊದಲು ಅದೇ ಕಾಣುತ್ತದೆ.

ಇರೋದು ಮೂರು ಜನ. ಮದುವೆ ಮನೆಯಷ್ಟು ಹಿಟ್ಟು ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಅಡುಗೆಮನೆ ಕಟ್ಟೆಯ ಮೂಲೆಯನ್ನು ತೋರಿಸುತ್ತೇನೆ. ಅಲ್ಲಿ ಒಂದು ಪುಟ್ಟ ಬಟ್ಟಲಿದೆ. ಬಟ್ಟಲಿನ ತಲೆ ಮೇಲೆ ಮೋಟಾರು, ಮೋಟಾರಿನ ನೆತ್ತಿ ಮೇಲೆ ಒಂದು ಬಟನ್ನು. ಎಲೆಕ್ಟ್ರಿಕ್ ಚಾಪರ್ ಅಂತ ಅದರ ಹೆಸರು. ನೋಡೋಕೆ ಮುದ್ದಾಗಿಯೇ ಇದೆ, ಪಾಪ. ಅದರದ್ದೇನೂ ತಪ್ಪಿಲ್ಲ. ತಪ್ಪೆಲ್ಲ ಆ ಬಟನ್ ಮೇಲಿರುವ ಬೆರಳಿನದು. ಬೆರಳು ನಮ್ಮನೆಯವರದು.

ಭಾನುವಾರ ತರಕಾರಿ ಹೆಚ್ಚಿಕೊಡುವ ಕೆಲಸ ಅವರದು. ಮದುವೆಯಾದ ಹೊಸದರಲ್ಲಿ ಯಾವುದೋ ಉತ್ಸಾಹದಲ್ಲಿ ಒಪ್ಪಿಕೊಂಡಿದ್ದರು, ಈಗ ವಾಪಸ್ ತೆಗೆದುಕೊಳ್ಳೋಕೆ ಆಗುತ್ತಿಲ್ಲ. ನಾಲ್ಕು ಈರುಳ್ಳಿಗೆ ಮುಕ್ಕಾಲು ಗಂಟೆ ಬೇಕು ಅವರಿಗೆ. ಕಣ್ಣುರಿ ತಡೆಯೋಕೆ ಒಂದು ಸಲ ಹೆಲ್ಮೆಟ್ ಹಾಕಿಕೊಂಡು, ಗಾಜು ಕೆಳಗಿಳಿಸಿ ಹೆಚ್ಚಿದ್ದೂ ಉಂಟು. ಆ ಹೊತ್ತಿಗೇ ಗ್ಯಾಸ್ ಸಿಲಿಂಡರ್ ತಂದ ಹುಡುಗ ಅಡುಗೆಮನೆವರೆಗೆ ಬಂದವನು, ಚಾಕು ಹಿಡಿದು ಹೆಲ್ಮೆಟ್ ಹಾಕಿ ನಿಂತವರನ್ನು ನೋಡಿ ಸಿಲಿಂಡರ್ ಇಳಿಸಿ ಟಿಪ್ಸ್ ಕೂಡ ಕೇಳದೆ ಹೋಗಿಬಿಟ್ಟ.

ಹಾಗಾಗಿ ದಸರಾ ಆಫರ್‌ನಲ್ಲಿ ಈ ಚಾಪರ್ ಬಂತು. "ನಿನ್ನ ಕಷ್ಟ ನೋಡೋಕಾಗಲ್ಲ ಕಣೆ, ಅದಕ್ಕೇ ತರಿಸಿದೆ" ಅಂದರು. ನನ್ನ ಕಷ್ಟ!

ಜೊತೆಯಲ್ಲಿ ಬಂದ ಚೀಟಿಯನ್ನು ನಾನು ಪೂರ್ತಿ ಓದಿದೆ. ಮೋಟಾರು 300 ವ್ಯಾಟ್. ಒಂದೇ ಸಮ 30 ಸೆಕೆಂಡಿಗಿಂತ ಜಾಸ್ತಿ ಓಡಿಸಬಾರದು, ಬಿಸಿಯಾಗುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ, ನಡುವೆ ಮುಚ್ಚಳ ತೆಗೆದು ಗೋಡೆಗೆ ಅಂಟಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳಿ. ಅಷ್ಟೇ ವಿದ್ಯೆ. ಈರುಳ್ಳಿಗೆ ಹೀಗೆ ಮೂರೋ ನಾಲ್ಕೋ ಸಲ ಒತ್ತಿದರೆ ಸಾಕು. ನಮ್ಮನೆಯವರು ಚೀಟಿ ಓದುವ ಪೈಕಿಯಲ್ಲ. ಬಟನ್ ಇದೆ, ಒತ್ತುವುದು ತಾನೇ, ಅದಕ್ಕೇನು ಓದೋದು?

ಈ ಯಂತ್ರ ಇಟ್ಟುಕೊಂಡವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಬ್ಲೇಡ್ ಇರೋದು ನಡುವೆ, ಬಟ್ಟಲಿನ ತಳದ ಹತ್ತಿರ. ಕೆಳಗೆ ಬಿದ್ದ ಚೂರಿಗೆ ಏಟಿನ ಮೇಲೆ ಏಟು. ಮೇಲೆ ಸವಾರಿ ಮಾಡುವ ಹೋಳಿಗೆ ಒಂದು ಗೀರೂ ಇಲ್ಲ. ಬಟ್ಟಲು ತುಂಬ ತುರುಕಿದರಂತೂ ಕೇಳಲೇಬೇಡಿ, ಕೆಳಗೆ ಚಟ್ನಿ, ನಡುವೆ ಪಲ್ಯ, ಮೇಲೆ ಸಾಂಬಾರಿನ ಹೋಳು. ಒಂದೇ ಬಟ್ಟಲಲ್ಲಿ ಮೂರು ಅಡುಗೆ.

ನಮ್ಮನೆಯವರ ಕಣ್ಣು ಮಾತ್ರ ಆ ಮೇಲಿನ ಹೋಳಿನ ಮೇಲೆ. ಮುಚ್ಚಳ ತೆಗೆಯುತ್ತಾರೆ, ಬಗ್ಗಿ ನೋಡುತ್ತಾರೆ. ತೊಂಬತ್ತೊಂಬತ್ತು ಚೂರು ಚೆನ್ನಾಗಿಯೇ ಇರುತ್ತದೆ. ಒಂದು ಹೋಳು ದೊಡ್ಡದಾಗಿ ಮೆರೆಯುತ್ತಿರುತ್ತದೆ. "ಇನ್ನೊಂದೇ ಒಂದು ರೌಂಡು" ಅನ್ನುತ್ತಾರೆ. ಗರ್ರ್. ತೆಗೆದು ನೋಡಿದರೆ ಆ ಹೋಳು ಗೋಡೆಗೆ ಬೆನ್ನು ಕೊಟ್ಟು ಹಾಯಾಗಿ ಕೂತಿರುತ್ತದೆ. "ಸಾಕು ಬಿಡ್ರೀ" ಅನ್ನುತ್ತೇನೆ. "ಇರು, ಇನ್ನೊಂದೇ ಒಂದು." ಗರ್ರ್. ಒಬ್ಬ ಕಳ್ಳನನ್ನು ಹಿಡಿಯೋಕೆ ಇಡೀ ಊರಿಗೆ ಲಾಠಿ ಬೀಸಿದ ಹಾಗೆ. ಕೊನೆಗೆ ಆ ಹೋಳು ಸಿಗುತ್ತದೆ, ನಿಜ. ಅಷ್ಟು ಹೊತ್ತಿಗೆ ಉಳಿದದ್ದೆಲ್ಲ ನೀರಾಗಿರುತ್ತದೆ.

ಇದು ಚಾಪರ್ ಜೊತೆ ಬಂದ ಚಟ ಅಲ್ಲ. ಫೋಟೋ ತೆಗೆದರೆ "ಇನ್ನೊಂದು, ಇನ್ನೊಂದು" ಅಂತ ತೆಗೆಯುತ್ತಲೇ ಇದ್ದು, ಕೊನೆಗೆ ಎಲ್ಲರೂ ಕಣ್ಣು ಮುಚ್ಚಿದ್ದು ಉಳಿಯುತ್ತದೆ. ನಲ್ಲಿ ಸೋರುತ್ತಿದ್ದರೆ ಇನ್ನೊಂದು ಸುತ್ತು ತಿರುಗಿಸಿ ಹಿಡಿಯನ್ನೇ ಕೈಗೆ ತಂದುಕೊಳ್ಳುತ್ತಾರೆ. ಇದಕ್ಕೆಲ್ಲ ಕಿರೀಟ ಅಂದರೆ ಮೀಸೆ ಪ್ರಕರಣ.

ನನ್ನ ತಂಗಿಯ ಮದುವೆಗೆ ಎರಡು ದಿನ ಇತ್ತು. ಸೆಲೂನಿಗೆ ಹೋಗಿ ಅಂದರೆ ಕೇಳಲಿಲ್ಲ, ಹೊಸ ಟ್ರಿಮ್ಮರ್ ಇದೆ ಅಂದರು. ಬಚ್ಚಲುಮನೆ ಕನ್ನಡಿ ಮುಂದೆ ನಿಂತರು. ಎಡಗಡೆ ಮೀಸೆ ಒಂದು ಚೂರು ಜಾಸ್ತಿ ಕಾಣಿಸಿತಂತೆ, ತೆಗೆದರು. ಈಗ ಬಲಗಡೆ ಜಾಸ್ತಿ ಕಾಣಿಸಿತು, ಅದನ್ನೂ ಚೂರು ತೆಗೆದರು. ಮತ್ತೆ ಎಡ. ಮತ್ತೆ ಬಲ. ನಾನು ಹೊರಗಿನಿಂದ "ಇನ್ನೂ ಆಗಲಿಲ್ವಾ?" ಅಂದಾಗಲೆಲ್ಲ "ಇನ್ನೊಂದೇ ಒಂದು ಚೂರು" ಅನ್ನುವ ದನಿ. ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ತೆರೆದಾಗ ಮೂಗಿನ ಕೆಳಗೆ ಎರಡು ಕರಿ ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಮಾರನೇ ದಿನ ಅವನ್ನೂ ತೆಗೆದುಬಿಟ್ಟರು, ಎರಡೂ ಸಮ ಇರಲಿಲ್ಲವಂತೆ. ಆರತಕ್ಷತೆಯಲ್ಲಿ ನಮ್ಮ ದೊಡ್ಡಪ್ಪ ಅವರ ಕೈ ಕುಲುಕಿ, "ಹುಡುಗನ ಕಡೆಯವರಾ?" ಅಂತ ಕೇಳಿದರು. ಆಲ್ಬಂ ಈಗಲೂ ಇದೆ. ಮಗಳು ಸಣ್ಣವಳಿದ್ದಾಗ ಆ ಪುಟ ತೆಗೆದು "ಇದ್ಯಾರು ಅಂಕಲ್?" ಅನ್ನುತ್ತಿದ್ದಳು.

ಇಂಥವರ ಕೈಗೆ ನಿನ್ನೆ ಭಾನುವಾರ ಚಾಪರ್ ಕೊಟ್ಟೆ. ಅಕ್ಕಿರೊಟ್ಟಿಗೆ ಈರುಳ್ಳಿ ಸಣ್ಣಗೆ ಬೇಕು ಅಂತ ಬೇರೆ ಹೇಳಿದೆ. ಹೋಳು ದಪ್ಪ ಇದ್ದರೆ ತಟ್ಟುವಾಗ ರೊಟ್ಟಿ ಹರಿಯುತ್ತದೆ ಅಲ್ವಾ, ಅದಕ್ಕೆ. "ಸಣ್ಣಗೆ" ಅನ್ನೋ ಮಾತು ಅವರಿಗೆ ಅಪ್ಪಣೆ ಚೀಟಿ ಸಿಕ್ಕಿದ ಹಾಗಾಯಿತು.

ಮೂರು ಈರುಳ್ಳಿ ಹೋಗಿ ಒಂದು ಬಟ್ಟಲು ಗುಲಾಬಿ ಬಣ್ಣದ ಗಂಜಿ ಬಂತು. ಎರಡು ಲೋಟ ಅಕ್ಕಿಹಿಟ್ಟು, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಜೀರಿಗೆ ಎಲ್ಲ ಹಾಕಿಟ್ಟಿದ್ದೆ. ಆ ಗಂಜಿ ಸುರಿದೆ. ಉಪ್ಪು ಹಾಕಿ ಕೈಯಾಡಿಸಿದೆ. ಉಪ್ಪು ಬಿದ್ದರೆ ಈರುಳ್ಳಿ ಇನ್ನಷ್ಟು ನೀರು ಬಿಡುತ್ತದೆ, ಸೊಪ್ಪೂ ಬಿಡುತ್ತದೆ. ಒಂದು ಹನಿ ನೀರು ಮುಟ್ಟಿಸಿರಲಿಲ್ಲ, ಆಗಲೇ ದೋಸೆಹಿಟ್ಟು.

ಇನ್ನೊಂದು ಲೋಟ ಹಿಟ್ಟು ಹಾಕಿದೆ. ಉಪ್ಪು ಸಾಲದಾಯಿತು, ಉಪ್ಪು ಹಾಕಿದೆ. ಖಾರ ಸಾಲದಾಯಿತು. "ಕೊಡು ಇಲ್ಲಿ, ಮೆಣಸಿನಕಾಯಿ ಒಂದು ರೌಂಡ್ ಹಾಕ್ತೀನಿ" ಅಂದರು. ಮೂರು ರೌಂಡ್ ಹಾಕಿ ಮುಚ್ಚಳ ತೆಗೆದು ಎಂದಿನಂತೆ ಬಗ್ಗಿ ನೋಡಿದರು. ಆಮೇಲೆ ಹತ್ತು ನಿಮಿಷ ಮನೆಯಲ್ಲಿ ಮಾತೇ ಇಲ್ಲ, ಬರೀ ಸೀನು. ಮಗಳು ಬಾಲ್ಕನಿಗೆ ಓಡಿದಳು. ಕೆಮ್ಮು ನಿಂತು ವಾಪಸ್ ಬಂದವಳು ಪಾತ್ರೆ ನೋಡಿ, "ಅಮ್ಮಾ, ಇದರಲ್ಲಿ ಈರುಳ್ಳಿನೇ ಕಾಣ್ತಿಲ್ಲ" ಅಂದಳು. ನಾನು ತಡೆಯುವಷ್ಟರಲ್ಲಿ ಇನ್ನೆರಡು ಈರುಳ್ಳಿ ಚಾಪರ್ ಒಳಗೆ. ಗರ್ರ್.

ಬಟ್ಟಲಿನಿಂದ ಕುಕ್ಕರಿಗೆ, ಕುಕ್ಕರಿನಿಂದ ಇಡ್ಲಿಹಿಟ್ಟಿನ ಪಾತ್ರೆಗೆ ಹಿಟ್ಟು ಮನೆ ಬದಲಾಯಿಸಿತು. ಅಕ್ಕಿಹಿಟ್ಟಿನ ಒಂದು ಕೆಜಿ ಪ್ಯಾಕೆಟ್ ಖಾಲಿ. ಮೊದಲ ಸಲ ಇಪ್ಪತ್ತೇಳು ರೊಟ್ಟಿ ಎಣಿಸಿ ಎಣಿಸೋದು ಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಮಗಳು ಅವರ ತಟ್ಟೆಗೆ ನಾಲ್ಕನೆಯದನ್ನು ಹಾಕಿ "ಅಪ್ಪ, ಇನ್ನೊಂದೇ ಒಂದು?" ಅಂದಳು. ಅವರು ಟಿವಿ ನೋಡುತ್ತಿದ್ದವರ ಹಾಗೆ ಮುಖ ಮಾಡಿದರು. ಟಿವಿ ಆಫ್ ಆಗಿತ್ತು.

ಚಾಪರ್ ಇದ್ದರೆ ಕಣ್ಣೀರು ಬರಲ್ಲ ಅಂತಾರಲ್ಲ, ಅದೂ ಅರ್ಧ ಸತ್ಯ. ಈರುಳ್ಳಿ ಕೊಯ್ದಾಗ ಒಳಗಿನ ರಸಗಳು ಒಂದಕ್ಕೊಂದು ಬೆರೆತು ಕಣ್ಣುರಿಸುವ ಅನಿಲ ಹುಟ್ಟುತ್ತದೆ. ಜಾಸ್ತಿ ಜಜ್ಜಿದಷ್ಟೂ ಜಾಸ್ತಿ. ಚಾಪರ್ ಅದನ್ನೆಲ್ಲ ಮುಚ್ಚಳದೊಳಗೆ ಕೂಡಿಟ್ಟು, ತೆಗೆದಾಗ ಒಟ್ಟಿಗೆ ಕೊಡುತ್ತದೆ. ಕಂತಿನಲ್ಲಿ ಅಳುತ್ತಿದ್ದವರು ಈಗ ಒಂದೇ ಸಲಕ್ಕೆ ಅಳಬಹುದು. ಗಂಜಿಯಾದ ಈರುಳ್ಳಿಯನ್ನು ಒಗ್ಗರಣೆಗೆ ಹಾಕಿ ಕೆಂಪಗಾಗಲಿ ಅಂತ ಕಾಯುವುದಿದೆಯಲ್ಲ, ಅದು ಇನ್ನೊಂದು ಅಳು. ನೀರು ಆರುವ ತನಕ ಅದು ಬೇಯುತ್ತದೆ, ಹುರಿಯುವುದಿಲ್ಲ. ಅವತ್ತಿನ ಉಪ್ಪಿಟ್ಟು ಆಸ್ಪತ್ರೆ ಉಪ್ಪಿಟ್ಟು.

ಕರೆಂಟ್ ವಿಷಯದಲ್ಲಿ ಜಗಳ ತೆಗೆಯೋಣ ಅಂತ ಹೋಗಿ ಸೋತೆ. ಮಗಳು ಲೆಕ್ಕ ಹಾಕಿದಳು. ದಿನಕ್ಕೆ 20 ಸೆಕೆಂಡ್ ಅಂದರೆ ತಿಂಗಳಿಗೆ 10 ನಿಮಿಷ, 300 ವ್ಯಾಟಿಗೆ 0.05 ಯೂನಿಟ್. "ನೋಡಿದ್ಯಾ? ಗೃಹಜ್ಯೋತಿಯ 200 ಯೂನಿಟ್‌ನಲ್ಲಿ ಇದು ಕಾಣಿಸೋದೂ ಇಲ್ಲ" ಅಂತ ನಮ್ಮನೆಯವರು ಬೀಗಿದರು. ಸರಿ, ನೀರಿನ ಲೆಕ್ಕ ಯಾರು ಹಾಕ್ತಾರೆ? ಚಾಕು, ಮಣೆ ಇದ್ದಾಗ ಎರಡು ತೊಳೆದರೆ ಆಯಿತು. ಈಗ ಬಟ್ಟಲು, ಬ್ಲೇಡು, ಒಳಮುಚ್ಚಳ, ಆ ಮುಚ್ಚಳದ ಸುತ್ತ ಇರುವ ರಬ್ಬರ್ ರಿಂಗು. ರಿಂಗಿನ ಸಂದಿಯಲ್ಲಿ ನಿನ್ನೆಯ ಕೊತ್ತಂಬರಿ ಇರುತ್ತದೆ, ಕಡ್ಡಿ ಹಾಕಿ ತೆಗೆಯಬೇಕು. ಮೋಟಾರಿಗೆ ನೀರು ಸೋಕುವ ಹಾಗಿಲ್ಲ, ಅದನ್ನು ಜ್ವರ ಬಂದವರ ಥರ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕಾದು ಕೂತವರು ನಾವು. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿದವಳಿಗೆ ಒಂದು ಈರುಳ್ಳಿಗೆ ಇಷ್ಟು ನೀರು ಬಿಡೋವಾಗ ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೂ ಅದರೊಳಗೆ ಹಾಕೋ ಮುಂಚೆ ಸಿಪ್ಪೆ ತೆಗೆದು ನಾಲ್ಕು ಹೋಳು ಮಾಡಬೇಕು. ಯಾವುದರಲ್ಲಿ? ಚಾಕುವಿನಲ್ಲಿ. ಮಣೆ ಮೇಲೆ.

ಒಂದು ದಿನ ಅಮ್ಮನ ಜೊತೆ ಫೋನಲ್ಲಿ ಮಾತಾಡುವಾಗ ಇವರು ಬಟನ್ ಒತ್ತಿದರು. ಅಮ್ಮ ಹಾಸನದಿಂದ, "ಅದೇನೇ ಸದ್ದು, ಬೋರ್‌ವೆಲ್ ಕೊರೀತಿದ್ದಾರಾ?" ಅಂದಳು. ಈರುಳ್ಳಿ ಅಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಕೆಜಿ?" ಅಂದಳು. ಒಂದು ಅಂತ ಹೇಳಿದೆ. ಒಂದು ಕೆಜಿ ಅಂತ ತಿಳಿದುಕೊಂಡಳು. ನಾನು ತಿದ್ದಲಿಲ್ಲ.

ಅಮ್ಮನದು ಈಳಿಗೆಮಣೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಹಿತ್ತಿಲ ಬಾಗಿಲ ಹತ್ತಿರ ಬಲಗಾಲು ಮಡಚಿ ಮಣೆ ಮೇಲೆ ಊರಿ ಕೂರುತ್ತಿದ್ದಳು. ಒಂದು ಹಿಡಿ ಹುರುಳಿಕಾಯಿ ಒಟ್ಟಿಗೆ ಹಿಡಿದು, ತುದಿ ಸಮ ಮಾಡಿ ಈಳಿಗೆಗೆ ಒತ್ತಿದರೆ ಚರ್ ಚರ್ ಅಂತ ಎಲ್ಲ ಒಂದೇ ಅಳತೆ. ಕಣ್ಣು ಕಾಯಿ ಮೇಲೆ ಇರುತ್ತಲೇ ಇರಲಿಲ್ಲ. ಕಣ್ಣು ಪಕ್ಕದ ಮನೆ ಅತ್ತೆಯ ಮುಖದ ಮೇಲೆ. ಅವರೂ ತಮ್ಮ ತರಕಾರಿ ಮೊರದಲ್ಲಿ ಹಾಕಿಕೊಂಡು ಬಂದುಬಿಡುತ್ತಿದ್ದರು. ಯಾರ ಮಗಳು ಬಸುರಿ, ಯಾರ ಮನೆ ಪಾಲಾಯಿತು, ಯಾವ ಸೊಸೆ ಮುನಿಸಿಕೊಂಡು ಹೋದಳು, ಎಲ್ಲ ಹುರುಳಿಕಾಯಿ ಜೊತೆ ಬುಟ್ಟಿಗೆ ಬೀಳುತ್ತಿತ್ತು. ನನಗೆ ಕೇಳಿಸಬಾರದ ಮಾತು ಬಂದಾಗ ಚರ್ ಚರ್ ನಿಧಾನವಾಗುತ್ತಿತ್ತು. ನಾನು ಹೋಂವರ್ಕ್ ಮಾಡುವವಳ ಹಾಗೆ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ. ಸಾಣೆ ಹಿಡಿಯುವವನು ಸೈಕಲ್ ತಂದಾಗ ಈಳಿಗೆ ಹಿಡಿದುಕೊಂಡು ಓಡುವುದು ನನ್ನ ಕೆಲಸವಾಗಿತ್ತು.

ಈಗ ಅಮ್ಮನಿಗೆ ಮಂಡಿನೋವು, ಕೆಳಗೆ ಕೂರೋಕಾಗಲ್ಲ. ಈಳಿಗೆಮಣೆ ಹಳೇ ಸೀರೆ ಸುತ್ತಿಕೊಂಡು ಅಟ್ಟದಲ್ಲಿದೆ. ಹೋದ ಸಲ ಹೋದಾಗ ಇಳಿಸಿ ನಾನೇ ಕೂತು ನೋಡಿದೆ. ಕೂತದ್ದೇನೋ ಸರಿ, ಏಳಿಸೋಕೆ ತಮ್ಮ ಬರಬೇಕಾಯಿತು. ಅಮ್ಮ ಕುರ್ಚಿಯಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು.

ಭಾನುವಾರ ಮಧ್ಯಾಹ್ನ ಎದುರು ಮನೆ ಆಂಟಿಗೆ ಒಂದು ಡಬ್ಬಿ ತುಂಬ ರೊಟ್ಟಿ ಕೊಟ್ಟಿದ್ದೆ. ಇದನ್ನು ಬರೆಯುತ್ತ ಕೂತಿದ್ದಾಗ ಬೆಲ್ ಆಯಿತು, ಡಬ್ಬಿ ವಾಪಸ್ ತಂದಿದ್ದರು. ಖಾಲಿ ಡಬ್ಬಿ ಕೊಡುವವರಲ್ಲ ಅವರು. ಕೋಸಂಬರಿ ತುಂಬಿಸಿದ್ದರು. ಹೆಸರುಬೇಳೆ ಗಾತ್ರಕ್ಕೇ ಸೌತೆಕಾಯಿ, ಒಂದೊಂದು ಚೂರೂ ಬೇರೆ ಬೇರೆ, ತಳದಲ್ಲಿ ಹನಿ ನೀರಿಲ್ಲ. ಎಪ್ಪತ್ತು ದಾಟಿದ ಕೈ, ಹಿಡಿ ಸವೆದ ಒಂದು ಹಳೇ ಚಾಕು. ಅವರು ಹೆಚ್ಚುವುದನ್ನು ನಾನು ಎಷ್ಟೋ ಸಲ ಎದುರಿಗೇ ನಿಂತು ನೋಡಿದ್ದೇನೆ.

ನಮ್ಮನೆಯವರು ಹಿಂದಿನಿಂದ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಒಂದು ಚಮಚ ಬಾಯಿಗೆ ಹಾಕಿಕೊಂಡು ಅಗಿದರು. ಇನ್ನೊಂದು ಚಮಚ ಹಾಕಿಕೊಂಡರು. ಆಮೇಲೆ ಮುಚ್ಚಿದ ಎದುರು ಮನೆ ಬಾಗಿಲನ್ನೇ ನೋಡುತ್ತ,

"ಆಂಟಿದು ಯಾವ ಕಂಪನಿ ಚಾಪರ್ ಅಂತ ಕೇಳಬೇಕಿತ್ತು ಕಣೆ" ಅಂದರು.