ನಿದ್ದೆ ಬರಿಸೋ ಹಾಡಂತೆ!

ಕ್ಯಾಮೆರಾ ಅಬ್ಸ್‌ಕ್ಯೂರಾ ಬ್ಯಾಂಡನ್ನ "ನೆಮ್ಮದಿಯ ನಿದ್ದೆಗೆ" ಅನ್ನೋ ಪ್ಲೇಲಿಸ್ಟಿಗೆ ಸೇರಿಸಿದ ಪುಣ್ಯಾತ್ಮ ಯಾರೋ, ಒಮ್ಮೆ ಸಿಗಬೇಕು ನನಗೆ. ಈಚೆಗೆ ನನಗೆ ನಿದ್ದೆ ಸರಿಯಿಲ್ಲ ಅಂತ ನಿಮಗೆ ಗೊತ್ತು, ಯಾಕೆ ಅನ್ನೋದೂ ಕೆಲವರಿಗೆ ಗೊತ್ತು. ರಾತ್ರಿ ಮಳೆ ಸದ್ದು, ಟುಂಯ್ ಟುಂಯ್ ಪಿಯಾನೊ ಕೇಳ್ತಾ ಕಣ್ಣು ಎಳೀತಿತ್ತು. ಇದ್ದಕ್ಕಿದ್ದ ಹಾಗೆ ಡ್ರಮ್ಸು, ಬೆನ್ನಿಗೇ ವಯಲಿನ್‌ಗಳು. ಈ ಬ್ಯಾಂಡಿನ 'ಫ್ರೆಂಚ್ ನೇವಿ' ಹಾಡು. ಎದ್ದು ಕೂತವಳು ಬೆಳಗಿನವರೆಗೂ ಮಲಗಲಿಲ್ಲ. ಈ ಪೋಸ್ಟಲ್ಲಿ ಸಿಡುಕು ಜಾಸ್ತಿ ಅನ್ನಿಸಿದರೆ ದೂರು ಆ ಪುಣ್ಯಾತ್ಮನಿಗೇ ಕೊಡಿ.

ಇದು ಗ್ಲಾಸ್ಗೋದಲ್ಲಿ 1996ರಲ್ಲಿ ಶುರುವಾದ ಬ್ಯಾಂಡು. ಹಾಡೋದು ಟ್ರೇಸಿಯಾನ್ ಕ್ಯಾಂಪ್‌ಬೆಲ್. ಅತ್ತು ಮುಗಿಸಿ, ಮುಖ ತೊಳ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಬಂದು ಕೂತವರ ದನಿ ಆಕೆಯದು. ಆ ದನಿಯ ಹಿಂದೆ ಅರವತ್ತರ ದಶಕದ ವಾದ್ಯಮೇಳ! 1963ರ 'ಬಿ ಮೈ ಬೇಬಿ' ಕೇಳಿದ್ದೀರಲ್ಲ, ರೊನೆಟ್ಸ್ ಹುಡುಗಿಯರದು? ಆಗ ಅದರ ನಿರ್ಮಾಪಕ ಫಿಲ್ ಸ್ಪೆಕ್ಟರ್ (ಮುಂದೆ ಕೊಲೆ ಕೇಸಲ್ಲಿ ಜೈಲು ಸೇರಿದವನೇ) ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಗಿಟಾರಿನವರು, ಪಿಯಾನೊದವರು ಎಲ್ಲರನ್ನೂ ಒತ್ತೊತ್ತಾಗಿ ಕೂರಿಸಿ ಒಟ್ಟಿಗೇ ನುಡಿಸೋಕೆ ಹೇಳ್ತಿದ್ದ. ಆ ಸದ್ದನ್ನ ಒಂದು ಖಾಲಿ ಕೋಣೆಯ ಸ್ಪೀಕರಿಗೆ ಕಳಿಸಿ, ಅಲ್ಲಿ ಏಳೋ ಪ್ರತಿಧ್ವನಿಯನ್ನ ಮೈಕಲ್ಲಿ ಹಿಡೀತಿದ್ದ. ಯಾವುದು ಗಿಟಾರು, ಯಾವುದು ಪಿಯಾನೊ ಅಂತ ಬಿಡಿಸೋಕೇ ಆಗಲ್ಲ. ಈ ಗ್ಲಾಸ್ಗೋದವರು ಸ್ಟಾಕ್‌ಹೋಮಿಗೆ ಹೋಗಿ, ಯಾರಿ ಹಾಪಲೈನೆನ್ ಅನ್ನೋ ನಿರ್ಮಾಪಕನ ಜೊತೆ ಕೂತು, 2006ರಲ್ಲಿ ಒಂದು ಆಲ್ಬಮ್, 2009ರಲ್ಲಿ ಇನ್ನೊಂದು ಮಾಡಿದರು. ಎರಡರಲ್ಲೂ ಆ ಹಳೇ ದಟ್ಟ ನಾದದ ನೆರಳಿದೆ. ಇಷ್ಟೆಲ್ಲಾ ಮಾಡಿದ್ದು ನಾವು ಗೊರಕೆ ಹೊಡೆಯಲಿ ಅಂತಲಾ?

ಮೆಲುದನಿ ಇದ್ದರೆ ಸಾಕು, ಮಲಗಿಸೋ ಸಂಗೀತ ಅಂದುಬಿಡ್ತಾರೆ. ಹಾಡಿನ ಪದಗಳು ಯಾರಿಗೆ ಬೇಕು! 1984ರಲ್ಲಿ ಲಾಯ್ಡ್ ಕೋಲ್ ಅನ್ನೋ ಗಾಯಕ ತನ್ನ ಹಾಡಲ್ಲಿ, ಎದೆ ಒಡೆಸಿಕೊಳ್ಳೋಕೆ ತಯಾರಿದ್ದೀಯಾ ಅಂತ ಕೇಳಿದ್ದ. ಇಪ್ಪತ್ತೆರಡು ವರ್ಷ ಆದಮೇಲೆ ಟ್ರೇಸಿಯಾನ್ ಅವನ ಹೆಸರು ಹಿಡಿದೇ ಉತ್ತರ ಕೊಟ್ಟಳು: ಲಾಯ್ಡ್, ನಾನು ತಯಾರು. ಅದೂ ಕುಣೀಬೇಕು ಅನ್ನಿಸೋ ತಾಳದಲ್ಲಿ. ನನ್ನನ್ನ ಯಾರಾದರೂ ಹಾಗೆ ಕೇಳಿದರೆ ಬಾಗಿಲು ಹಾಕ್ಕೊಳ್ತೀನಿ. ಆ ಧೈರ್ಯ ನನಗಿಲ್ಲ. ಅದಕ್ಕೇ ಇರಬೇಕು, ಆ ಒಂದು ಹಾಡನ್ನೇ ಮತ್ತೆ ಮತ್ತೆ ಹಾಕ್ಕೊಂಡು ಕೂತಿದ್ದು.

"ಅಕ್ಕಾ, ಆ ಪ್ಲೇಲಿಸ್ಟ್ ಇಲ್ದಿದ್ರೆ ನಿಂಗೆ ಈ ಬ್ಯಾಂಡೇ ಸಿಗ್ತಿರ್ಲಿಲ್ಲ" ಅಂತ ನನ್ನ ತಮ್ಮ ಲಾಯರ್‌ಗಿರಿ ತೋರಿಸಿದ. ನಿಜವೇ. ಅದಕ್ಕೇನೀಗ? ನನ್ನ ಜೊತೆ ಅದೇ ಪಟ್ಟಿ ಕೇಳ್ತಿದ್ದವರೆಲ್ಲ ಆ ಹಾಡು ಬರೋ ಹೊತ್ತಿಗೆ ಮಲಗಿರ್ತಾರಲ್ಲ, ಅವರ ಗತಿ? ಸುಮ್ನಿರೋ ಅಂದೆ.

ಆಮೇಲೆ ಬ್ಯಾಂಡಿನ ಕಥೆ ಓದಿದೆ. ಕೀಬೋರ್ಡ್ ನುಡಿಸ್ತಿದ್ದ ಕ್ಯಾರಿ ಲ್ಯಾಂಡರ್ 2015ರಲ್ಲಿ ಮೂಳೆ ಕ್ಯಾನ್ಸರಿನಿಂದ ತೀರಿಕೊಂಡಳು. 33 ವರ್ಷ ಅಷ್ಟೇ. ಲಾಯ್ಡ್ ಹಾಡು ಶುರುವಾಗೋದೇ ಆರ್ಗನ್ ಅನ್ನೋ ಕೀಬೋರ್ಡ್ ವಾದ್ಯದಿಂದ. ಅದು ತಿಳಿದಮೇಲೆ ಆ ಶುರುವಿನ ಭಾಗ ದಾಟೋಕೆ ಕಷ್ಟವಾಯ್ತು. ಅತ್ತೆ. ಯಾರೂ ಕೆಣಕಬೇಡಿ.

ಉಳಿದವರು 2024ರಲ್ಲಿ ಹೊಸ ಆಲ್ಬಮ್ ತಂದಿದ್ದಾರೆ. ಆ ಹಳೇ ವಯಲಿನ್ ಅಬ್ಬರ ಬಿಟ್ಟು ಪಿಯಾನೊ, ಹ್ಯಾಮಂಡ್ ಆರ್ಗನ್ ಕಡೆ ವಾಲಿದ್ದಾರೆ. ಹಾಡುಗಳು ಇನ್ನೂ ಮೆತ್ತಗಿವೆ, ಅಂದರೆ ಪುಣ್ಯಾತ್ಮನಿಗೆ ಹಬ್ಬ. ಈ ಬ್ಯಾಂಡು ಮೊದಲೇ ಗೊತ್ತಿದ್ದೂ ನನಗೆ ಹೇಳದೇ ಇದ್ದ ಸ್ನೇಹಿತರು ಕೆಳಗೆ ಹಾಜರಿ ಹಾಕಿ. ನಿಮ್ಮ ಜೊತೆ ಬೇರೆಯೇ ಜಗಳ ಇದೆ.