ಈ ಪಟ್ಟೆಗಳು ಹೋಗೋದೇ ಇಲ್ಲ!

1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಅನ್ನೋ ನಿಂಟೆಂಡೊ ವಿಡಿಯೋ ಗೇಮ್ ಯಂತ್ರ ಕೊಡೋದು ಆಂಟೆನಾ ಸಿಗ್ನಲ್ ಮಾತ್ರ, ಅದೂ ಜಪಾನಿನ ಚಾನೆಲ್ ಮೇಲೆ. ನಮ್ಮ ಟಿವಿ ಅದನ್ನು ಹಿಡಿಯೋದೇ ಇಲ್ಲ. ಅದಕ್ಕೇ ವಿಡಿಯೋ ಚಿಪ್ಪಿನ 21ನೇ ಕಾಲಿನಿಂದ (ಪಿನ್) ವೈರ್ ಎಳೆದು, ನಡುವೆ ಟ್ರಾನ್ಸಿಸ್ಟರ್ ಹಾಕಿ ಎವಿ ಔಟ್ (ಟಿವಿಗೆ ನೇರ ವಿಡಿಯೋ ಕೊಡೋ ದಾರಿ) ಮಾಡಿದೆ. ಚಿತ್ರವೇನೋ ಬಂತು, ಜೊತೆಗೆ ಜೈಲಿನ ಕಂಬಿಗಳಂತೆ ಉದ್ದುದ್ದ ಪಟ್ಟೆಗಳೂ ಬಂದವು! ನೀಲಿ ಆಕಾಶದ ಮೇಲೆ ಎದ್ದು ಕಾಣುತ್ತವೆ, ಆಡೋಕೆ ಮನಸ್ಸೇ ಬರಲ್ಲ. ಪಕ್ಕದ ಡಿಜಿಟಲ್ ಲೈನ್‌ಗಳ ಗದ್ದಲ ವಿಡಿಯೋ ಲೈನಿಗೆ ನುಗ್ಗುತ್ತೆ, ಹಾಗಾಗಿ ಆ ಕಾಲನ್ನು ಬೋರ್ಡಿನಿಂದ ಎತ್ತಿ ಬಿಡಿಸಬೇಕು, ವೈರ್ ಗಿಡ್ಡ ಇರಬೇಕು. ಎರಡೂ ಮಾಡಿದೆ, ಪಟ್ಟೆ ಮಸುಕಾದವು ಅಷ್ಟೇ. ಇನ್ನು ಈ ಸರ್ಕ್ಯೂಟಿಗೆ ಬೇಕಾದ 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಳಗಾವಿಯ ಅಂಗಡಿಯಲ್ಲಿ ಕೇಳಿದ್ರೆ ಫ್ಯಾನಿನದ್ದು ಕೈಗಿಡ್ತಾರೆ. ಮೇಲೆ "ಹೊಸಾದು ತಗೋರಿ ಸರ, ಇದರಾಗ ಏನೈತಿ" ಅನ್ನೋ ಮಾತು ಬೇರೆ. ಹೊಸದು ಬೇಡ ಕಾಕಾ, ನನಗೆ ಇದೇ ಸರಿಹೋಗಬೇಕು!